ಮಂದಿ ಮನೆಯಲ್ಲಿಟ್ಟ ಮುಯ್ಯಿ

೧೯೯೧ರಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಒಂಬತ್ತನೇ ತರಗತಿಯಲ್ಲಿದ್ದೆ. ದಸರಾ ಸೂಟಿಗೆಂದು ಇಂಡಿಯಿಂದ ಊರಿಗೆ ಬಂದವನು ತಿರುಗಿ ಹೈಸ್ಕೂಲಿನ ಕಡೆ ಹೋಗಲಿಲ್ಲ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ತಾಂಬಾದಲ್ಲಿ ನಮಗೆ ಹೊಲವಿತ್ತು, ಬಾವಿಯಿತ್ತು, ಉಣ್ಣುವುದಕ್ಕೆ ತೊಂದರೆ ಇರಲಿಲ್ಲ. ಆ ಸೂಟಿಯಲ್ಲಿ ಬಾವಿಯ ಮೋಟಾರ್ ಸುಟ್ಟಿತು. ಅಪ್ಪ ಅದನ್ನು ರಿಪೇರಿಗೆ ಸಿಂದಗಿಗೆ ಒಯ್ದಾಗ ಹಿಂದೆ ನಾನೂ ಹೋದೆ. ಅಂಗಡಿಯ ಮೇಸ್ತ್ರಿ ಕರಕಲಾದ ಸುರುಳಿಗಳನ್ನು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಒಂದೊಂದಾಗಿ ಕೂರಿಸುವುದನ್ನು ನೋಡುತ್ತ ನಿಂತೆ. ಸಂಜೆಗೆ ಸತ್ತ ಮೋಟಾರ್ ಗುಂಯ್ ಎಂದು ತಿರುಗಿತು. ಬಸ್ಸಿಗೆ ಹೊತ್ತಾದರೂ ನಾನು ಜಾಗ ಬಿಟ್ಟು ಕದಲಲಿಲ್ಲ.

“ಏನಲೇ, ಮನಿಗೆ ಬರಾಂವೋ, ಇಲ್ಲೇ ಇರಾಂವೋ?” ಎಂದ ಅಪ್ಪ.

“ಇಲ್ಲೇ ಇರ್ತೇನಿ.”

“ಮತ್ತ ಸಾಲಿ?”

“ಸಾಲ್ಯಾಗ ಏನೂ ತಿರುಗೂದಿಲ್ಲಪಾ.”

ಮೇಸ್ತ್ರಿ ನಕ್ಕುಬಿಟ್ಟರು. ಅಪ್ಪನಿಗೆ ನಗು ಬರಲಿಲ್ಲ, ಆದರೆ ಬಿಟ್ಟು ಹೋದ.

ಆರು ವರ್ಷ ಸಿಂದಗಿಯಲ್ಲಿ ಕಲಿತೆ. ಮೊದಲೆರಡು ವರ್ಷ ಬರೀ ಊಟ, ಆಮೇಲೆ ವಾರಕ್ಕಿಷ್ಟು ಎಂದು ಕೈಖರ್ಚು. ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ, ಕೆಲಸ ತಪ್ಪಿದರೆ ಇಕ್ಕಳದಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ನಾನು ಬಸವನ ಬಾಗೇವಾಡಿಯಲ್ಲಿ ಸ್ವಂತ ಅಂಗಡಿ ಹಾಕುತ್ತೇನೆಂದು ಹೊರಟ ದಿನ ಮಾತ್ರ ಚಹಾ ತರಿಸಿ ಎದುರಿಗೆ ಕೂರಿಸಿಕೊಂಡರು.

“ವೈಂಡಿಂಗ್ ಯಾರರೆ ಮಾಡ್ತಾರ ತಮ್ಮಾ. ಗಿರಾಕಿ ಮನಿ ಲಗ್ನಕ್ಕ ಹೋಗೂದು ಕಲಿ. ಹೋಗಿ ಮುಯ್ಯಿ ಮಾಡು. ಮೋಟಾರ್ ಸುಟ್ಟ ದಿನಾ ಅವಗ ಮೊದಲ ನಿನ್ನ ಮಾರಿ ನೆನಪಾಗಬೇಕು.”

ನನ್ನ ಧಂಧೆಯಲ್ಲಿ ನನಗೆ ಸಿಕ್ಕ ಬುದ್ಧಿವಾದ ಇದೊಂದೇ. ಅದನ್ನು ನಾನು ಅಕ್ಷರಕ್ಕೆ ಅಕ್ಷರ ಪಾಲಿಸಿದೆ.

ಮುಯ್ಯಿ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಮದುವೆಗೆ ಹೋದವರು ಬರಿಗೈಲಿ ಹೋಗಿ ಉಂಡು ಬರುವುದಿಲ್ಲ. ಬಂಧುಗಳು ಸೀರೆ, ಕುಬಸ, ಟಾವೆಲ್, ಟೊಪ್ಪಿಗೆಯ ಆಯೇರಿ ತರುತ್ತಾರೆ. ಗೆಳೆಯರು, ವ್ಯವಹಾರದವರು ರೊಕ್ಕ ಕೊಡುತ್ತಾರೆ, ಅದೇ ಮುಯ್ಯಿ. ಅದು ದಾನವಲ್ಲ. ನಿನ್ನ ಮನೆಯ ಮದುವೆಗೆ ನಾನು ನೂರಾ ಒಂದು ಕೊಟ್ಟಿದ್ದರೆ ನನ್ನ ಮನೆಯ ಮದುವೆಗೆ ನೀನು ಅದರ ಮೇಲೊಂದಿಷ್ಟು ಸೇರಿಸಿಯೇ ತರಬೇಕು. ತರದವನು ಊರಲ್ಲಿ ತಲೆ ತಗ್ಗಿಸಿ ನಡೆಯಬೇಕು. ಕೊಟ್ಟವನ ಹೆಸರನ್ನು ಪೆಂಡಾಲಿನ ಮೈಕಿನಲ್ಲಿ ಕೂಗುತ್ತಾರೆ.

ನನ್ನ ಹೆಸರು ಮೊದಲು ಕೂಗಿದ್ದು ದೇವಣಗಾಂವದಲ್ಲಿ. ಸಿಂದಗಿಯಲ್ಲಿದ್ದಾಗಿನಿಂದ ಗುರುತಿನ ಒಬ್ಬ ರೈತರ ಮಗನ ಮದುವೆ. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಅಂಗಡಿ ಹಾಕಿ ಇನ್ನೂ ವರ್ಷವಾಗಿರಲಿಲ್ಲ, ಜೇಬಿನಲ್ಲಿ ಬಸ್ಸಿನ ಚಾರ್ಜು ಬಿಟ್ಟರೆ ನೂರಾ ಒಂದೇ ಇತ್ತು. “ಬಾಗೇವಾಡಿ ಮೋಟಾರ್ ಮೇಸ್ತ್ರಿ ಇವರಿಂದ, ನೂರಾ ಒಂದು ರೂಪಾಯಿ!” ಎಂದು ಮೈಕಿನವನು ಕೂಗಿದಾಗ ಹುಗ್ಗಿ ಉಣ್ಣುತ್ತಿದ್ದವನ ಕೈ ಎಲೆಯ ಮೇಲೆ ನಿಂತಿತು. ಸಾಲೆಯಲ್ಲಿ ನನ್ನ ಹೆಸರು ಕೂಗುತ್ತಿದ್ದದ್ದು ಹಾಜರಿಗೆ ಮತ್ತು ಹೊಡೆತಕ್ಕೆ. ಇಲ್ಲಿ ಮೇಸ್ತ್ರಿ ಎಂದು ಕೂಗಿದ್ದರು. ಆ ವಾರವೇ ದೇವಣಗಾಂವದಿಂದ ಎರಡು ಮೋಟಾರ್ ಬಂದವು.

ಅಲ್ಲಿಂದ ಮುಂದೆ ಮದುವೆ ತಪ್ಪಿಸಲಿಲ್ಲ. ವೈಶಾಖದಲ್ಲಿ ಒಂದೇ ದಿನ ಇಂಡಿ, ಮುದ್ದೇಬಿಹಾಳ ಎರಡೂ ಕಡೆ ಹೋದದ್ದುಂಟು. ಬೆಳಿಗ್ಗೆ ಒಂದೆಡೆ ಅಕ್ಷತೆ, ಮಧ್ಯಾಹ್ನ ಇನ್ನೊಂದೆಡೆ ಊಟ, ಸಂಜೆ ಬಂದು ಅಂಗಿ ಕಳಚಿ, ಸುತ್ತಿದ ಸುರುಳಿಗೆ ಬಳಿಯುವ ವಾರ್ನಿಶಿನ ಡಬ್ಬಿ ಹಿಡಿಯುವುದು. ಬಿಸಿಲಿಗೆ ಬೈಕಿನ ಸೀಟಿನ ಮೇಲೆ ಕೂರಲು ಆಗುತ್ತಿರಲಿಲ್ಲ. ಮುಳವಾಡದ ಕಾಲುವೆಯ ನೀರು ಹರಿದ ಮೇಲೆ ಹೊಸ ಹೊಸ ಪಂಪುಗಳು ಕೂತವು, ಗಿರಾಕಿ ಹೆಚ್ಚಿದರು, ಗಿರಾಕಿಯ ಜೊತೆ ಲಗ್ನಪತ್ರಿಕೆಗಳೂ ಹೆಚ್ಚಿದವು. ನೂರಾ ಒಂದು ಹೋಗಿ ಇನ್ನೂರಾ ಒಂದಾಯಿತು, ಐನೂರಾ ಒಂದಾಯಿತು.

ಕೆಲಸದಲ್ಲಿ ನಾನು ಯಾರಿಗೂ ಸೋತವನಲ್ಲ. ನನ್ನ ಕೈಯಿಂದ ಹೋದ ಮೋಟಾರ್ ಆ ಹಂಗಾಮಿನಲ್ಲಿ ತಿರುಗಿ ಬಂದರೆ ರೊಕ್ಕ ಕೇಳುತ್ತಿರಲಿಲ್ಲ. ಅದು ತಿರುಗಿ ಬರುತ್ತಿದ್ದದ್ದೂ ಅಪರೂಪ. ಗಿರಾಕಿ ರಾಶಿಯಾದ ಮೇಲೆ ಕೊಡುತ್ತೇನೆಂದರೆ ಹೂಂ ಅನ್ನುತ್ತಿದ್ದೆ, ಕೇಳಲು ಅವರ ಮನೆ ಬಾಗಿಲಿಗೆ ಹೋಗುತ್ತಿರಲಿಲ್ಲ. ಬಂದದ್ದರಲ್ಲಿ ತಾಮ್ರ, ಬಾಡಿಗೆ, ಮನೆಖರ್ಚು. ಉಳಿದದ್ದರಲ್ಲಿ ಸ್ವಲ್ಪ ಬ್ಯಾಂಕಿಗೆ, ಸ್ವಲ್ಪ ಮುಯ್ಯಿಗೆ. ಮುಯ್ಯಿಯ ಪಾಲು ಕೆಲವು ವರ್ಷ ಬ್ಯಾಂಕಿನ ಪಾಲಿಗಿಂತ ದೊಡ್ಡದಿತ್ತು.

ಒಮ್ಮೆ ನೀರೆತ್ತುವ ಸಣ್ಣ ಮೋಟಾರ್ ತಂದ ಬ್ಯಾಂಕಿನವರೊಬ್ಬರು ಅದರ ವಾರ್ನಿಶ್ ಒಣಗುವವರೆಗೆ ಸ್ಟೂಲಿನ ಮೇಲೆ ಕೂತು ನನ್ನ ಹಣಕಾಸು ಕೇಳಿದರು.

“ನಿಮ್ಮ ಉಳಿತಾಯ ಎಲ್ಲಿ ಇಟ್ಟೀರಿ ಮೇಸ್ತ್ರಿ?”

“ಮಂದಿ ಮನ್ಯಾಗ ಇಟ್ಟೇನ್ರಿ.”

“ಅಂದ್ರ ಬಡ್ಡಿಗಿ ಕೊಡ್ತೀರೇನು?”

“ಛೇ, ಬಡ್ಡಿ ಯಾಕ್ರಿ. ಮುಯ್ಯಿ ಮಾಡೇನಿ. ನನ್ನ ಮಗಳ ಲಗ್ನದಾಗ ಎಲ್ಲಾ ಒಮ್ಮಿಗೆ ಬರ್ತೈತಿ.”

ಅವರು ತಿಂಗಳಿಗಿಷ್ಟು ಎಂದು ಫಂಡಿನಲ್ಲಿ ಹಾಕುತ್ತ ಹೋದರೆ ಇಪ್ಪತ್ತು ವರ್ಷಕ್ಕೆ ಏನಾಗುತ್ತದೆಂದು ಫೋನಿನಲ್ಲಿ ಲೆಕ್ಕ ಮಾಡಿ ತೋರಿಸಿದರು. ನಾನು ಕೇಳಿದೆ, “ಫಂಡಿನಾವ ಮೈಕಿನ್ಯಾಗ ನನ್ನ ಹೆಸರು ಕೂಗ್ತಾನೇನ್ರಿ?” ಅವರೂ ನಕ್ಕರು, ನಾನೂ ನಕ್ಕೆ. ಆ ಮಾತನ್ನು ಗೆದ್ದೆ ಎಂದುಕೊಂಡು ಎಷ್ಟೋ ಜನರ ಮುಂದೆ ಹೇಳಿ ನಗಿಸಿದ್ದೇನೆ.

ನನ್ನ ಹೆಂಡತಿ ಮುದ್ದೇಬಿಹಾಳದ ಕಡೆಯವಳು. ಯಾವ ಊರು, ಯಾರ ಮನೆ, ಎಷ್ಟು ಕೊಟ್ಟೆವು, ಎಲ್ಲ ಬಾಯಿಪಾಠ ಅವಳಿಗೆ. ಹೊಲಿಗೆ ಹಾಕುತ್ತ ಕೂತವಳನ್ನು ಕೇಳಿದರೆ ಸಾಕು, ತಲೆ ಎತ್ತದೆ ಹೇಳುತ್ತಿದ್ದಳು. ಒಟ್ಟು ಎರಡೂವರೆ ಲಕ್ಷ ದಾಟಿದೆ, ಮೇಲಿನದು ಸೇರಿದರೆ ಮೂರಕ್ಕೆ ಮೋಸವಿಲ್ಲ ಎಂಬುದು ಅವಳದೇ ಅಂದಾಜು. ಆದರೆ ಅವಳಿಗೆ ಈ ಪದ್ಧತಿಯ ಮೇಲೆ ನಂಬಿಕೆ ಕಡಿಮೆ.

“ಒಬ್ಬಾಕಿ ಮಗಳು ನಮಗ. ಒಂದ ಲಗ್ನ. ಬಂದ್ರ ಅವತ್ತ ಬರಬೇಕು, ಇಲ್ಲಂದ್ರ ಇಲ್ಲ,” ಎನ್ನುತ್ತಿದ್ದಳು.

“ಬರ್ತೈತಿ ಬಿಡು. ಎಲ್ಲಿ ಹೋಗ್ತೈತಿ.”

“ಬಂಗಾರ ತಗೊಂಡಿದ್ರ ಕೊಳ್ಳಾಗರೆ ಇರ್ತಿತ್ತು.”

ಮೂರು ವರ್ಷದ ಹಿಂದೆ ಎರಡು ಸಂಗತಿ ಒಟ್ಟಿಗೆ ಬಂದವು. ಮಗಳಿಗೆ ಇಂಡಿಯ ಸಂಬಂಧ ಕೂಡಿತು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ, ಅವನ ತಂದೆ ಹೈಸ್ಕೂಲಿನಿಂದ ನಿವೃತ್ತರಾದ ಮಾಸ್ತರರು. ಅದೇ ತಿಂಗಳು ನನ್ನ ಅಂಗಡಿಯ ಮಾಲೀಕರು ಕರೆದು ಕಳಿಸಿದರು. ಇಪ್ಪತ್ತೈದು ವರ್ಷ ನನ್ನಿಂದ ಬಾಡಿಗೆ ತೆಗೆದುಕೊಂಡ ಸಾವಕಾರರು, ಒಳ್ಳೆಯ ಮನುಷ್ಯ. ಬಸ್‌ಸ್ಟ್ಯಾಂಡ್ ಹತ್ತಿರದ ಆ ಸಾಲಿನ ಅಂಗಡಿಗಳನ್ನು ಮಾರುತ್ತಿದ್ದರು.

“ನಿಂದು ನೀನ ತಗೋಪಾ. ಹೊರಗಿನವರಿಗೆ ಹತ್ತು ಹೇಳೇನಿ, ನಿನಗ ಎಂಟು. ಮಗಳ ಲಗ್ನ ಮುಗಿಸಿಕೋ, ಕಾರಹುಣ್ಣಿಮಿತನಾ ಕಾಯ್ತೇನಿ.”

ಎಂಟು ಲಕ್ಷ. ಬ್ಯಾಂಕಿನಲ್ಲಿ ನನ್ನದು ಐದಿತ್ತು. ಮದುವೆಯ ಖರ್ಚಿಗೆ ಸೊಸೈಟಿಯಲ್ಲಿ ಸಾಲ ತೆಗೆದಾಗಿತ್ತು, ಇನ್ನೊಂದು ಸಾಲ ಅವರು ಕೊಡುತ್ತಿರಲಿಲ್ಲ. ತಾಂಬಾದ ಹೊಲ ಅಣ್ಣನ ಹೆಸರಿನ ಜೊತೆ ಕೂಡಿಕೊಂಡಿದೆ, ಮಾರುವ ಮಾತಿಲ್ಲ. ಹೆಂಡತಿಯ ಬಂಗಾರದಲ್ಲಿ ದೊಡ್ಡ ಪಾಲು ಮಗಳಿಗೆ ಹೋಗುವುದಿತ್ತು. ಉಳಿದ ಮೂರು ಲಕ್ಷ ಮುಯ್ಯಿಯಿಂದಲೇ ಬರಬೇಕು. ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆ ರಾತ್ರಿಯಿಂದಲೇ ಅಂಗಡಿಗೆ ಯಾವ ಬಣ್ಣದ ಶಟರ್ ಹಾಕಿಸಬೇಕೆಂದು ಯೋಚಿಸಲು ಹತ್ತಿದೆ. ಬಾಡಿಗೆ ಇಲ್ಲದ ಅಂಗಡಿಯಲ್ಲಿ ಕೂತು, ಕಣ್ಣು ಮಂಜಾದ ಮೇಲೂ ಸಣ್ಣಪುಟ್ಟ ಕೆಲಸ ಮಾಡಿಕೊಂಡಿರಬಹುದು. ನನ್ನ ಮುದಿತನಕ್ಕೆ ನಾನು ಮಾಡಿಕೊಂಡ ಏರ್ಪಾಡು ಅದೊಂದೇ.

ಲಗ್ನಪತ್ರಿಕೆಯನ್ನು ಇಂಡಿಯಲ್ಲಿ ಹಾಕಿಸಿದೆವು, ಎರಡೂ ಮನೆಯವರದು ಒಂದೇ ಕಡೆ. ಬೀಗರು ಪ್ರೆಸ್ಸಿಗೆ ಬಂದಿದ್ದರು. ಅವರ ಪತ್ರಿಕೆ ಮೊದಲು ತಯಾರಾಯಿತು. ಕೊನೆಯಲ್ಲಿ ‘ಉಡುಗೊರೆ, ಮುಯ್ಯಿ ಸ್ವೀಕರಿಸಲಾಗುವುದಿಲ್ಲ, ತಮ್ಮ ಆಶೀರ್ವಾದ ಸಾಕು’ ಎಂದು ಹಾಕಿಸಿದ್ದರು. ನನ್ನ ಕಣ್ಣು ಅದರ ಮೇಲೆ ನಿಂತದ್ದನ್ನು ಅವರು ನೋಡಿದರು.

“ಇದು ನಮ್ಮ ಮನಿ ರೂಢಿರಿ. ನಿಮ್ಮದರಾಗ ಹಾಕಬೇಕಂತ ಏನಿಲ್ಲ. ನೀವು ದುಡಿದು ತಿನ್ನೋ ಮಂದಿ, ನಿಮಗ ಮುಯ್ಯಿ ಬೇಕಾಗ್ತೈತಿ.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರು ಕೆಟ್ಟವರಲ್ಲ, ಈಗಲೂ ಹಬ್ಬಕ್ಕೆ ಫೋನ್ ಮಾಡಿ ಮಾತನಾಡಿಸುತ್ತಾರೆ. ಆದರೆ ಆ ‘ಬೇಕಾಗ್ತೈತಿ’ ನನ್ನ ಎದೆಗೆ ಬಡಿಯಿತು. ಪ್ರೆಸ್ಸಿನ ಹುಡುಗಿ ಕಂಪ್ಯೂಟರಿನ ಮುಂದೆ ಕೈ ಇಟ್ಟುಕೊಂಡು ಕಾಯುತ್ತಿದ್ದಳು.

“ನಮಗೂ ಬ್ಯಾಡ್ರಿ,” ಎಂದೆ. “ಅದ ಸಾಲು ನಮ್ಮದರಾಗೂ ಹಾಕವ್ವಾ.”

“ವಿಚಾರ ಮಾಡ್ರಿ ಬೀಗರ.”

“ವಿಚಾರ ಏನ್ರಿ ಅದರಾಗ. ನಾ ಏನು ಕೊಟ್ಟಿದ್ದು ತಿರುಗಿ ಬರಲಿ ಅಂತ ಕೊಟ್ಟೇನೇನು?”

ಅದಕ್ಕೇ ಕೊಟ್ಟಿದ್ದೆ. ಇಪ್ಪತ್ತೈದು ವರ್ಷ ಬಿಸಿಲಲ್ಲಿ ಬೈಕು ಓಡಿಸಿದ್ದು ಅದಕ್ಕೇ.

ಪತ್ರಿಕೆಯ ಗಂಟು ಮನೆಗೆ ತಂದಾಗ ಹೆಂಡತಿ ಒಂದನ್ನು ತೆಗೆದು ಅರಿಶಿನ ಹಚ್ಚಲು ಕೂತಳು. ಓದುತ್ತ ಓದುತ್ತ ಕೆಳಗೆ ಬಂದಳು.

“ಏನ್ರಿ ಇದು? ಯಾರು ಬರಿಸಿದ್ರು?”

“ನಾನ.”

“ಅಂಗಡಿ?”

“ಮಂದಿ ಅದನ್ನೆಲ್ಲಾ ಓದೂದಿಲ್ಲ. ಕೊಡಾವ್ರು ಕೊಟ್ಟ ಕೊಡ್ತಾರ.”

“ಕೊಟ್ಟಾಗ ತಗೋತೀರಿ? ಬೀಗರು ಬಾಜೂಕ ನಿಂತಿರ್ತಾರ, ಆವಾಗ ತಗೋತೀರಿ? ನಿಮ್ಮನ್ನ ನಾ ಕಾಣೆನೇನು.” ಅರಿಶಿನದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಇನ್ನೊಂದು ಪತ್ರಿಕೆ ಎತ್ತಿಕೊಂಡಳು. “ನನ್ನ ತವರುಮನಿ ಮಂದಿ ಕೊಟ್ಟಿದ್ದು ನಾ ಇಸ್ಕೋತೇನಿ. ನಿಮ್ಮ ಪತ್ರಿಕಿ ನಿಮಗ.”

ಅವಳು ಹೇಳಿದ ಹಾಗೆಯೇ ಆಯಿತು. ಬಾಗೇವಾಡಿಯ ಮಂಗಲ ಕಾರ್ಯಾಲಯ ಹಿಡಿಸಲಾರದಷ್ಟು ಜನ ಬಂದರು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನ ಗಿರಾಕಿಗಳು. ಪತ್ರಿಕೆ ಓದಿದವರು ಕೈ ಮುಗಿದು, ಅಕ್ಷತೆ ಹಾಕಿ, ಉಂಡು ಹೋದರು. ಕೆಲವರ ಮುಖದಲ್ಲಿ ಹಗುರಾದ ಕಳೆಯನ್ನೂ ಕಂಡೆ, ತಪ್ಪು ತಿಳಿಯಲಿಲ್ಲ. ಓದದವರು, ಓದಿಯೂ ಮನಸ್ಸು ಒಪ್ಪದವರು ಲಕೋಟೆ ಹಿಡಿದು ವೇದಿಕೆಯ ಹತ್ತಿರ ಬಂದರು. ಮೈಕಿನವನು ಬಗ್ಗಿ ಕಿವಿಯಲ್ಲಿ ಕೇಳಿದ, “ಮುಯ್ಯಿ ಕೂಗೂದು ಚಾಲೂ ಮಾಡ್ಲೇನ್ರಿ?” ಬೀಗರು ನನ್ನ ಪಕ್ಕದಲ್ಲೇ ಇದ್ದರು. “ಹಾಡು ಹಚ್ಚಪಾ,” ಎಂದೆ.

ಒಬ್ಬೊಬ್ಬರ ಕೈಯನ್ನೂ ಹಿಂದಕ್ಕೆ ನೂಕಿದೆ. ಬ್ಯಾಡ್ರಿ, ಬ್ಯಾಡ್ರಿ ಎಂದು ಎಷ್ಟು ಸಲ ಅಂದೆನೋ. ನಡುವೆ ದೇವಣಗಾಂವದ ಕಾಕಾ ಬಂದರು. ವಯಸ್ಸಾಗಿತ್ತು, ಮೊಮ್ಮಗನ ಹೆಗಲು ಹಿಡಿದು ಮೆಟ್ಟಿಲು ಹತ್ತಿದರು. ಧೋತರದ ಗಂಟಿನಿಂದ ನೋಟು ತೆಗೆದರು.

“ಹಿಡಿ ಮೇಸ್ತ್ರಿ. ಐದು ಸಾವಿರ ಅದಾವ. ಎಣಿಸ್ಕೋ.”

“ಬ್ಯಾಡ ಕಾಕಾ. ಪತ್ರಿಕ್ಯಾಗ ಬರಿಸೇನಲ್ಲ.”

“ನನಗ ಓದಾಕ ಬರೂದಿಲ್ಲ. ನನಗ ಆ ಪತ್ರಿಕಿ ಹತ್ತೂದಿಲ್ಲ.”

ಸುತ್ತಲಿದ್ದವರು ನಕ್ಕರು. ಬೀಗರೂ ನಕ್ಕು, ನಾನು ಏನು ಮಾಡುತ್ತೇನೆಂದು ನೋಡಿದರು. ಆ ಕ್ಷಣಕ್ಕೆ ನಾನು ನಕ್ಕು ಇಸಿದುಕೊಂಡಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಅವರದನ್ನು ಇಸಿದುಕೊಂಡರೆ ಹಿಂದೆ ನಿಂತವರದೂ ಇಸಿದುಕೊಳ್ಳಬಹುದಿತ್ತು, ಹಿರಿಯರ ಮಾತು ಮೀರಲಾಗಲಿಲ್ಲ ಎಂದು ಹೇಳಿಕೊಳ್ಳಲು ನೆಪವೂ ಇತ್ತು. ನಾನು ಕಾಕಾನ ಮುಷ್ಟಿಯನ್ನು ಮುಚ್ಚಿ ಅವರ ಎದೆಗೆ ಒತ್ತಿದೆ.

“ಖರೇನ ಬ್ಯಾಡ. ನಿಮ್ಮ ಆಶೀರ್ವಾದ ಇರಲಿ.”

ಅವರ ಮುಖದ ನಗು ಇಳಿಯಿತು. “ಹಂಗಾರ ನನ್ನ ಮಗನ ಲಗ್ನದಾಗ ನೀ ಕೊಟ್ಟದ್ದು ಏನಲೇ, ಭಿಕ್ಷಾ ಏನು?”

ಅವರು ಮೊಮ್ಮಗನನ್ನು ಹಿಡಿದು ಇಳಿದರು. ಊಟದ ಸಾಲಿನ ಕಡೆ ಹೋಗುತ್ತಾರೆಂದು ನೋಡಿದೆ, ಅವರು ಬಾಗಿಲ ಕಡೆ ಹೋದರು. ನಮ್ಮ ಮನೆಯ ಮದುವೆಯಿಂದ ಉಣ್ಣದೆ ಹೋದವರು ಅವರೊಬ್ಬರೇ. ಹಿಂದೆ ಓಡಿ ಹೋಗಿ ಕರೆಯಬೇಕಿತ್ತು. ಲಕೋಟೆ ಹಿಡಿದ ಇನ್ನೂ ನಾಲ್ಕು ಜನ ಎದುರಿಗೆ ನಿಂತಿದ್ದರು.

ಕಾರಹುಣ್ಣಿಮೆಗೆ ಇನ್ನೂ ಹತ್ತು ಹನ್ನೆರಡು ದಿನವಿತ್ತು. ತವರಿನ ಕಡೆಯವರು ಕೊಟ್ಟದ್ದೆಂದು ಹೆಂಡತಿ ಇಪ್ಪತ್ತಾರು ಸಾವಿರ ತಂದು ನನ್ನ ಮುಂದೆ ಇಟ್ಟಳು. ಮಗಳಿಗೆ ಸುದ್ದಿ ಹೇಗೆ ಮುಟ್ಟಿತೋ, ಅವಳ ತಾಯಿಯೇ ಹೇಳಿರಬೇಕು, ಇಂಡಿಯಿಂದ ಫೋನ್ ಮಾಡಿದಳು.

“ಅಪ್ಪಾ, ಇವರ ಹತ್ರ ಅದಾವಂತ. ಮೂರು ಲಕ್ಷ. ನಿಧಾನಕ ಕೊಡು ಅಂತಾರ.”

“ಅವಗ ಹೇಳು, ಬಾಳ ಸಂತೋಷ ಆತು ಅಂತ.”

“ತಗೋತಿಯಿಲ್ಲ?”

“ಮಗಳನ್ನ ಕೊಟ್ಟ ಮನಿಯಿಂದ ನಾ ರೊಕ್ಕ ತರೂದಿಲ್ಲವಾ.”

“ನೀ ಹಿಂಗ ಅಂತಿ ಅಂತ ಅವ್ವ ಮೊದಲ ಹೇಳಿದ್ಲು,” ಎಂದು ಫೋನ್ ಇಟ್ಟಳು.

ಮರುದಿನ ಸಾವಕಾರರ ಮನೆಗೆ ಹೋದೆ. ಅವರು ಜೋಕಾಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

“ಬಾರಪಾ. ರೊಕ್ಕ ಜೋಡಾತೇನು?”

“ಇಲ್ರಿ ಸಾವಕಾರ್ರ.”

“ಅಲ್ಲೋ, ಲಗ್ನ ಅಷ್ಟು ಜೋರ್ ಮಾಡಿದಿ! ನಾಕ ತಾಲೂಕಿನ ಮಂದಿ ಬಂದಿತ್ತು!”

“ಮಂದಿ ಬಂದಿತ್ರಿ.”

ಅವರು ಅಡಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು. ಇನ್ನೊಂದು ತಿಂಗಳು ಕಾಯಲೇ ಎಂದು ಕೇಳಿದರು. ತಿಂಗಳಲ್ಲಿ ಎಲ್ಲಿಂದ ಬರಬೇಕು. ಬೇಡ ಎಂದೆ. ಚಹಾ ಕುಡಿಸಿ ಕಳಿಸಿದರು. ಶ್ರಾವಣದಲ್ಲಿ ಅಂಗಡಿ ಮೊಬೈಲ್ ಮಾರುವವನೊಬ್ಬನ ಪಾಲಾಯಿತು. ಗೋಡೆಗೆ ಹತ್ತಿದ ವಾರ್ನಿಶಿನ ಕಲೆ ಕೆರೆಯಲು ಅವನ ಪೇಂಟರಿಗೆ ಎರಡು ದಿನ ಹಿಡಿಯಿತಂತೆ.

ನಾನು ಮುಳವಾಡದ ರಸ್ತೆಗೆ ತಗಡಿನ ಶೆಡ್ಡೊಂದನ್ನು ಬಾಡಿಗೆ ಹಿಡಿದೆ. ಬೇಸಿಗೆಯಲ್ಲಿ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ, ಬೇವಿನ ಮರದ ಕೆಳಗೆ ಹೊರಗೇ ತಂತಿ ಸುತ್ತುತ್ತೇನೆ. ಗಿರಾಕಿಗಳು ಊರ ಹೊರಗೆ ಬರಲು ಬೇಸರಪಡುತ್ತಾರೆ ಎಂದು ಮೊದಲು ಅಂದುಕೊಂಡಿದ್ದೆ. ಕಾರಣ ಅದೊಂದೇ ಅಲ್ಲ. ಮುಯ್ಯಿ ಬೇಡವೆಂದು ನಾನು ಅವರಿಗೆ ಉಪಕಾರ ಮಾಡಿದೆನೆಂದು ತಿಳಿದಿದ್ದೆ. ಅವರಿಗೆ ಅದು ಲೆಕ್ಕ ಹರಿದುಕೊಂಡ ಹಾಗೆ ಕಂಡಿತು. ಕೊಡುವುದು ತೆಗೆದುಕೊಳ್ಳುವುದು ಇದ್ದಷ್ಟು ದಿನ ನಾನು ಅವರ ಮನೆಯವನು. ತೆಗೆದುಕೊಳ್ಳದೆ ಹೋದ ದಿನ ದೊಡ್ಡ ಮನುಷ್ಯನಾಗಿಬಿಟ್ಟೆ, ದೊಡ್ಡ ಮನುಷ್ಯರ ಹತ್ತಿರ ಯಾರೂ ಸುಟ್ಟ ಮೋಟಾರ್ ಹೊತ್ತು ತರುವುದಿಲ್ಲ. ಕೆಲವರು ಬಂದು ಚೀಲ ಜೋಳ, ಒಂದು ಬುಟ್ಟಿ ಲಿಂಬೆ ಇಳಿಸಿ, “ಇದನ್ನಾರೆ ತಗೋ” ಎಂದು ಹೋದರು. ಅವರು ಇಂದಿಗೂ ಬರುತ್ತಾರೆ. ದೇವಣಗಾಂವದಿಂದ ಆಮೇಲೆ ಒಂದು ಮೋಟಾರೂ ಬಂದಿಲ್ಲ. ಒಮ್ಮೆ ಸಿಂದಗಿಗೆ ಹೋದಾಗ ಬಸ್ಸಿನ ದಾರಿ ಬದಲಿಸಿ ಕಾಕಾನ ಮನೆಗೆ ಹೋದೆ. ನೀರು ಕೊಟ್ಟರು, ಕೂಡು ಎಂದರು, ಮಳೆಯ ಮಾತಾಡಿದರು. ಮದುವೆಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಅಳಿಯ ಒಂದು ಸಲ ಶೆಡ್ಡಿಗೆ ಬಂದು ಕೂತ. ಸಾಲದ ಮಾತು ತೆಗೆಯದಷ್ಟು ಬುದ್ಧಿವಂತ. “ಮಾವಾರ, ತಿಂಗಳಿಗೆ ಎರಡು ಸಾವಿರ ಹಾಕ್ಕೋತ ಹೋಗ್ರಿ, ನಿಮ್ಮ ಹೆಸರಿಲೇನ ಇರ್ತೈತಿ,” ಎಂದು ಫಾರಂ ತುಂಬಿಸಿ ಸಹಿ ಮಾಡಿಸಿಕೊಂಡ. ಐವತ್ತರ ಹತ್ತಿರ ಶುರು ಮಾಡಿದ್ದು ಎಷ್ಟಾಗುತ್ತದೋ ಗೊತ್ತಿಲ್ಲ. ಪ್ರತಿ ತಿಂಗಳೂ ಫೋನಿಗೆ ಒಂದು ಮೆಸೇಜು ಬರುತ್ತದೆ. ಅದನ್ನು ಯಾರಿಗೂ ತೋರಿಸುವುದಿಲ್ಲ, ತೋರಿಸುವಂಥದ್ದೂ ಅಲ್ಲ.

ಈಗ ಹೊಸದಾಗಿ ಅಂಗಡಿ ಹಾಕುವ ಹುಡುಗರು ಬಂದು ಹೇಗೆ ಮೇಲೆ ಬಂದಿರಿ ಎಂದು ಕೇಳುತ್ತಾರೆ. ಮೇಲೆ ಬಂದವನ ಹಾಗೆ ಕಾಣುತ್ತೇನೋ ಏನೋ. ಕೆಲಸ ಚೊಕ್ಕ ಮಾಡಿ, ಗಿರಾಕಿಯ ಮದುವೆಗೆ ಹೋಗಿ, ಮುಯ್ಯಿ ಮಾಡಿ ಎಂದು ಈಗಲೂ ಹೇಳುತ್ತೇನೆ. ಆದರೆ ಅಂಗಡಿಯ ರೊಕ್ಕವನ್ನು ಬೇರೆ ಇಡಿ, ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಗೆ ಸಿಗುವಲ್ಲಿ ಇಡಿ ಎನ್ನುತ್ತೇನೆ. ತಿರುಗಿ ಬಂದದ್ದನ್ನು ನಾಲ್ಕು ಜನರ ಮುಂದೆ ಕೈ ಚಾಚಿ ಇಸಿದುಕೊಳ್ಳಿ ಎಂದೂ ಹೇಳುತ್ತೇನೆ. ಅವರು ಹೂಂ ಅನ್ನುತ್ತಾರೆ. ಕೈ ಚಾಚುವ ಆ ಕೆಲಸ ಇಂದು ಹೇಳಿದರೂ ನನ್ನಿಂದ ಆಗುತ್ತದೆಂಬ ಭರವಸೆಯಿಲ್ಲ.

ಇಂದಿಗೆ ನನ್ನ ಹತ್ತಿರ ಇರುವುದು: ಬ್ಯಾಂಕಿನ ಠೇವಣಿ ನಾಲ್ಕು ಲಕ್ಷ ಅರವತ್ತು ಸಾವಿರ. ಅಳಿಯ ಮಾಡಿಸಿದ ಫಂಡಿನಲ್ಲಿ ನಲವತ್ತು ಸಾವಿರದ ಆಸುಪಾಸು. ತಾಂಬಾದಲ್ಲಿ ಅಣ್ಣನ ಜೊತೆಗಿನ ಹೊಲದಲ್ಲಿ ನನ್ನ ಪಾಲಿನ ಎರಡು ಎಕರೆ. ಹೆಂಡತಿಯ ಮೈಮೇಲೆ ಎರಡು ತೊಲೆ. ಇರಲು ಮೂರು ಖೋಲಿಯ ಮನೆ. ಒಂದು ವೈಂಡಿಂಗ್ ಯಂತ್ರ, ಒಂದು ಹಳೆಯ ಬೈಕು. ಸೊಸೈಟಿಗೆ ಕಟ್ಟಬೇಕಾದದ್ದು ಒಂದು ಲಕ್ಷ ಎಂಬತ್ತು ಸಾವಿರ. ಗಿರಾಕಿಗಳು ಮೊದಲಿನ ಅರ್ಧ. ಅಂಗಡಿ ಬಾಡಿಗೆಯದು.